ಸನ್ನದು ಅಮಾನತಿನಲ್ಲಿದ್ದ ಒಂಬತ್ತು ವರ್ಷ: ಗಡಿನಾಡಿನ ವಕೀಲಿಕೆ ಮತ್ತು ಕನ್ನಡ ದಸ್ತಾವೇಜು

ನನ್ನ ಮೊದಲು ಮಾತಾಡಿದವರು ಶಾಲೆಗಳ ಬಗ್ಗೆ ಹೇಳಿದರು. ನನ್ನದು ಸ್ವಲ್ಪ ಒಣ ವಿಷಯ, ಕೋರ್ಟಿನದು. ಕಾಸರಗೋಡಿನ ವಕೀಲನೊಬ್ಬ ನಡುವೆ ಕೆಲವು ವರ್ಷ ಕಂಪೆನಿಯ ಕಾನೂನು ವಿಭಾಗದಲ್ಲಿ ಸಂಬಳಕ್ಕಿದ್ದು ಮರಳಿ ಬಂದರೆ ಅವನ ವೃತ್ತಿಗೆ ಏನಾಗ್ತದೆ, ಅವನ ಕನ್ನಡದಿಂದ ಏನು ಉಪಯೋಗ ಆಗ್ತದೆ ಅಂತ. ಬೇರೆಯವರ ಉದಾಹರಣೆ ಬೇಡ, ನನ್ನದನ್ನೇ ಹೇಳ್ತೇನೆ.

ಮೊದಲು ಕಾನೂನು. ವಕೀಲರ ಪರಿಷತ್ತಿನ ನಿಯಮಗಳಲ್ಲಿ 49ನೆಯದು ಅಂತ ಒಂದು ಉಂಟು. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ವಕೀಲ ಅದನ್ನು ಪರಿಷತ್ತಿಗೆ ತಿಳಿಸಬೇಕು, ಆ ಕೆಲಸದಲ್ಲಿ ಇರುವಷ್ಟು ಕಾಲ ವಕೀಲಿಕೆ ನಿಲ್ಲಿಸಬೇಕು. ನಾವು ಇದನ್ನೇ ಸನ್ನದು ಅಮಾನತಿನಲ್ಲಿಡುವುದು ಅನ್ನುತ್ತೇವೆ. ಸರಕಾರಿ ಅಭಿಯೋಜಕರ ಮಾತು ಬೇರೆ. ಸಂಬಳ ಬಂದರೂ ಅವರ ಕೆಲಸವೇ ಕೋರ್ಟಿನಲ್ಲಿ ವಾದಿಸುವುದು, ಹಾಗಾಗಿ ಅವರು ವಕೀಲರಾಗಿಯೇ ಉಳಿಯುತ್ತಾರೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಕಂಪೆನಿಯೊಳಗಿನವನಿಗೆ ಆ ಅನುಕೂಲ ಇಲ್ಲ. ಕಕ್ಷಿದಾರ ವಕೀಲನಿಗೆ ಹೇಳಿದ ಗುಟ್ಟಿಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೊಡುವ ರಕ್ಷಣೆ ಕೂಡ ಅವನಿಗೆ ಸಿಗುವುದಿಲ್ಲ. 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ಅದೂ ಸ್ಪಷ್ಟವಾಯಿತು. 134ನೇ ಕಲಮಿನ ಸೀಮಿತ ರಕ್ಷಣೆ ಮಾತ್ರ ಉಳಿದಿದೆ. ಅಂದರೆ ಕಪ್ಪು ಕೋಟು ತೆಗೆದಿಡುವುದು ಬರೀ ಬಟ್ಟೆ ಬದಲಾಯಿಸಿದ ಹಾಗಲ್ಲ.

ನಾನು ಏಳು ವರ್ಷ ಮುನ್ಸಿಫ್ ಕೋರ್ಟಿನಲ್ಲಿ ಓಡಾಡಿ, ಆಮೇಲೆ ಒಂಬತ್ತು ವರ್ಷ ಒಳಗೆ ಕೂತೆ. ಒಳಗಿನ ಕೆಲಸದಲ್ಲಿ ವಾದ ಇಲ್ಲ, ಕಾಗದ ಮತ್ತು ತಾರೀಕು. ಪ್ರತಿವಾದ ಪತ್ರಕ್ಕೆ 30 ದಿನ, ಹೆಚ್ಚೆಂದರೆ 90. ಹೈಕೋರ್ಟಿಗೆ ಅಪೀಲಿಗೆ 90, ಜಿಲ್ಲಾ ಕೋರ್ಟಿಗಾದರೆ 30. ಬೇರೆ ಬೇರೆ ಊರಿನ ವಕೀಲರಿಗೆ ಫೋನು ಮಾಡಿ ಇದನ್ನು ನೆನಪಿಸುವುದೇ ಅರ್ಧ ದಿನ. ಉಳಿದರ್ಧ, ಕಂಪೆನಿ ಕೊಳ್ಳುವ ಜಾಗದ ಹಕ್ಕುಪತ್ರ ನೋಡಿ ವರದಿ ಬರೆಯುವುದು.

ನಾನು ಎಡವಿದ್ದು ಅಲ್ಲಿಯೇ. ಮಂಗಳೂರು ಪೇಟೆಯ ಒಂದು ನಿವೇಶನದ ಹಳೇ ಕನ್ನಡ ದಸ್ತಾವೇಜು ನನ್ನ ಮೇಜಿಗೆ ಬರುವಾಗ ಇಂಗ್ಲಿಷ್ ಆಗಿ ಬಂತು. ಅದರಲ್ಲಿ 'ಲೀಸ್' ಅಂತ ಇತ್ತು. ನಾನೂ 'ಲೀಸ್' ಅಂತಲೇ ವರದಿ ಬರೆದೆ. ಮೂಲದಲ್ಲಿದ್ದ ಪದ ಮೂಲಗೇಣಿ. ಗೊತ್ತುಂಟಲ್ಲ, ಚಾಲಗೇಣಿ ವರ್ಷದಿಂದ ವರ್ಷಕ್ಕೆ ನಡೆಯುವಂಥದ್ದು; ಮೂಲಗೇಣಿ ಹಾಗಲ್ಲ, ಗೇಣಿ ಸ್ಥಿರ, ಹಕ್ಕು ಶಾಶ್ವತ, ಮಕ್ಕಳು ಮೊಮ್ಮಕ್ಕಳಿಗೂ ಇಳಿಯುತ್ತದೆ. ಮೂಲಗೇಣಿದಾರರಿಗೆ ಒಡೆತನ ಕೊಡಲೆಂದೇ ಕರ್ನಾಟಕ 2011ರಲ್ಲಿ ಒಂದು ಕಾಯ್ದೆ ಮಾಡಿದೆ. ಅವಧಿ ಮುಗಿದ ಲೀಸ್ ಅಂತ ನಾವು ಎಣಿಸಿದ ಜಾಗದಲ್ಲಿ ಒಂದು ಕುಟುಂಬ ಹಕ್ಕಿನಿಂದಲೇ ಕೂತಿತ್ತು. ಅವರು ದಾವೆ ಹಾಕಿದ ಮೇಲೆ ನಾನು ಮೂಲ ಓದಿದೆ. ಕನ್ನಡ ಬರುತ್ತಿದ್ದ ನಾನು! ಕಚೇರಿ ಇಂಗ್ಲಿಷಿನಲ್ಲಿ ನಡೆಯುತ್ತದೆ ಅಂತ ಕಣ್ಣೂ ಹಾಗೇ ಒಗ್ಗಿಹೋಗಿತ್ತು.

ಮರಳಿ ಕಾಸರಗೋಡಿಗೆ ಬಂದು ಸನ್ನದು ಮತ್ತೆ ಚಾಲ್ತಿ ಮಾಡಿಸಿಕೊಂಡಾಗ ನನ್ನ ಹತ್ತಿರ ಇದ್ದ ಬಂಡವಾಳ ಈ ತಪ್ಪೇ. ನಮ್ಮ ತಾಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದು, ಹಾಗಾಗಿ ಅದಕ್ಕಿಂತ ಹಳೇ ಕಾಗದಗಳಲ್ಲಿ ಕನ್ನಡದವು ರಾಶಿ ಉಂಟು. ಈಗ ಸಾಕ್ಷಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ದಾಖಲಾಗುತ್ತದೆ. 30 ವರ್ಷ ಹಳೇ ದಸ್ತಾವೇಜು ಸರಿಯಾದ ಕೈಯಿಂದ ಬಂದರೆ ಅದರ ಸಹಿ, ಬರಹ ನಿಜವೆಂದು ಕೋರ್ಟು ಭಾವಿಸಬಹುದು. ಆದರೆ ಅದರೊಳಗಿನ ಪದದ ಅರ್ಥವನ್ನು ಯಾವ ಕಲಮೂ ಭಾವಿಸಿಕೊಡುವುದಿಲ್ಲ, ಅದನ್ನು ಯಾರಾದರೂ ಎದ್ದುನಿಂತು ಹೇಳಬೇಕು.

ಒಂದು ದಾವೆ ಹೇಳ್ತೇನೆ. ಒಬ್ಬರು ಅಜ್ಜಿಯ ಅಡಿಕೆ ತೋಟ, ಮೇಲಿನ ಗುಡ್ಡೆಯ ಸೊಪ್ಪಿನ ವಿಚಾರದಲ್ಲಿ ಪಕ್ಕದವರ ಜೊತೆ ತಕರಾರು. ಮೂಲದಲ್ಲಿ 'ಕುಮ್ಕಿ ಸಹಿತ' ಅಂತ ಇತ್ತು. ಅನುವಾದದಲ್ಲಿ ಅದು 'ಪುರಂಬೋಕು' ಆಗಿತ್ತು. ಕುಮ್ಕಿಯೂ ಸರಕಾರದ ಜಾಗವೇ, ಒಪ್ಪಿದೆ. ಆದರೆ ವರ್ಗ ಜಮೀನಿನ ಗಡಿಯಿಂದ 100 ಗಜದೊಳಗೆ ಸೊಪ್ಪು, ಹುಲ್ಲು ತೆಗೆಯುವ ಸವಲತ್ತು ಆ ವರ್ಗದಾರನದು. ಪುರಂಬೋಕು ಅಂದ ಕೂಡಲೇ ಆ ಸವಲತ್ತು ಮಾಯ, ಅಜ್ಜಿ ಅತಿಕ್ರಮಣ ಮಾಡಿದವರ ಸಾಲಿಗೆ ಸೇರಿದರು. ಪಾಟೀಸವಾಲಿನಲ್ಲಿ ಅವರಿಗೆ "ಅದು ಸರಕಾರದ ಜಾಗ ಅಲ್ವಾ?" ಅಂತ ಕೇಳಿದರು. ಅವರು "ಹೌದು, ಆದರೆ ನಮ್ಮ ಕುಮ್ಕಿ" ಅಂದರು. ಬರೆದುಕೊಂಡದ್ದು 'ಹೌದು' ಮಾತ್ರ. ನಾನು ಎದ್ದು ಉತ್ತರ ಪೂರ್ತಿ ದಾಖಲಾಗಬೇಕು ಅಂತ ಕೇಳಿದೆ, ಮೂಲ ದಸ್ತಾವೇಜಿಗೆ ಹೊಸ ಅನುವಾದಕ್ಕೂ ಅರ್ಜಿ ಕೊಟ್ಟೆ. ಎರಡೂ ಮಂಜೂರಾಯಿತು. ಷೆಡ್ಯೂಲನ್ನು ಕೊನೇ ಸಾಲಿನವರೆಗೆ ಓದುವ ಚಾಳಿ ಕಂಪೆನಿಯಲ್ಲಿ ಕಲಿತದ್ದು. ಏಳುವ ಧೈರ್ಯ ಅದಕ್ಕಿಂತ ಹಿಂದಿನ ಏಳು ವರ್ಷದ್ದು.

ಇಲ್ಲಿ ಒಬ್ಬರು ಪ್ರಶ್ನೆ ಕೇಳಿದ್ದಾರೆ. "ಮಗಳು ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಳೆ. ಮೊದಲು ಕಂಪೆನಿಯೋ ಕೋರ್ಟೋ? ಕೇರಳದಲ್ಲಿ ನೋಂದಾಯಿಸಿದರೆ ಮಂಗಳೂರಿನಲ್ಲಿ ವಾದಿಸಬಹುದೋ?" ಎರಡನೆಯದಕ್ಕೆ ಉತ್ತರ ಸುಲಭ ಅಮ್ಮ, ಧಾರಾಳವಾಗಿ. ವಕೀಲರ ಕಾಯ್ದೆಯ 30ನೇ ಕಲಂ 2011ರ ಜೂನ್ 15ರಿಂದ ಜಾರಿಯಲ್ಲಿದೆ. ಯಾವ ರಾಜ್ಯದ ಪಟ್ಟಿಯಲ್ಲಿದ್ದರೂ ದೇಶದ ಯಾವ ಕೋರ್ಟಿನಲ್ಲೂ ನಿಲ್ಲಬಹುದು. ಮೊದಲನೆಯದಕ್ಕೆ, ಕೋರ್ಟು ಅಂತ ನಾನು ಹೇಳ್ತೇನೆ. ಮೊದಲ ಕೆಲವು ವರ್ಷ ಕೈಗೆ ಹಣ ಬರುವುದು ಕಡಿಮೆ, ಅದಕ್ಕೆ ಮನೆಯವರು ತಯಾರಿರಬೇಕು. ಮಲಯಾಳ ಬರೆಯಲು ಈಗಲೇ ಕಲಿಸಿ. ಹಳೇ ಕನ್ನಡ ದಸ್ತಾವೇಜಿನ ಕೈಬರಹ ಓದಲು ಕಾಲೇಜಿನಲ್ಲಿ ಕಲಿಸುವುದಿಲ್ಲ. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಒಂದೆರಡು ಕಾಗದ ಇದ್ದೇ ಇರ್ತದೆ, ರಜೆಯಲ್ಲಿ ಅದನ್ನು ಅವಳ ಕೈಗೆ ಕೊಡಿ.