ಬೇಟೆಗಾರನ ಅಟ್ಟ, ರೈತನ ಮಂಚಿಕೆ

ಚಿತ್ತಾಪುರ, ಸೇಡಂ ಸೀಮೆಯ ಎರಿ ಹೊಲದಲ್ಲಿ ನಾಲ್ಕು ಬಿದಿರ ಗಳ ನೆಟ್ಟು, ಮೇಲೆ ಹಳೇ ಹೊರಸೊಂದನ್ನು ಬಿಗಿದು, ನೆತ್ತಿಗೆ ಹೋದ ವರ್ಷದ ತೊಗರಿ ಕಟ್ಟಿಗೆಯ ಮರೆ ಹಾಕಿದರೆ ಮಂಚಿಕೆ ಸಿದ್ಧ. ಕಟ್ಟುವುದಕ್ಕೆ ಅರ್ಧ ದಿನ ಸಾಕು, ಕಷ್ಟವಿರುವುದು ರಾತ್ರಿಯಿಡೀ ಬೆಳೆ ಕಾಯುತ್ತ ಅದರ ಮೇಲೆ ಕೂರುವುದರಲ್ಲಿ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಹೊತ್ತು ಮುಳುಗಿ ಮತ್ತೆ ಹುಟ್ಟುವುದಕ್ಕೆ ಹೆಚ್ಚೂಕಡಿಮೆ 13 ತಾಸು ಹಿಡಿಯುತ್ತದೆ. ತೊಗರಿ ಕಾಯಿ ಬಲಿತಿರುವ, ಹಿಂಗಾರಿ ಜೋಳ ತೆನೆಗೆ ಬಂದಿರುವ ಕಾಲವೂ ಅದೇ. ಅಷ್ಟು ತಾಸು ಹಗ್ಗದ ಹೊರಸಿನ ಅಂಚಿಗೆ ತೊಡೆ ಒತ್ತಿಕೊಂಡು ಕುಳಿತವನು ನಡುರಾತ್ರಿಗೆ ಮಲಗುತ್ತಾನೆ, ಇಲ್ಲವೇ ಇಳಿದು ಮನೆಗೆ ಹೋಗುತ್ತಾನೆ. ಬೆಳೆಗೆ ನುಗ್ಗುವ ಕಾಡುಹಂದಿ ಬರುವುದು ಅದಾದ ಮೇಲೆ. ಬೆಳೆ ಹೋಯಿತೆಂದಾಗ ಹಂದಿಯನ್ನು ಬೈಯುತ್ತೇವೆ, ಕಾವಲಿಗಿದ್ದವನ ಸೋಮಾರಿತನವನ್ನು ಬೈಯುತ್ತೇವೆ. ಅವನ ಅಡಿಗಿದ್ದ ಆಸನದ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ.

ಅಮೆರಿಕದಲ್ಲಿ ಇದೇ ಆಸನದ ಮೇಲೆ ಒಂದು ಉದ್ಯಮವೇ ನಿಂತಿದೆ. ಅಲ್ಲಿ ಜಿಂಕೆ ಬೇಟೆ ಪರವಾನಗಿ ಪಡೆದು ಆಡುವ ಆಟ. ಮರಕ್ಕೆ ಬಿಗಿಯುವ ಅಲ್ಯೂಮಿನಿಯಂ ಅಟ್ಟಗಳು ಐದಾರು ಕಿಲೋ ತೂಗುತ್ತವೆ, ಮರ ಹತ್ತುತ್ತ ಜೊತೆಗೇ ಮೇಲೇರಿಸಿಕೊಳ್ಳುವ ಬಗೆಯವು ಹತ್ತು ಕಿಲೋ ಹತ್ತಿರ. ಹೆಚ್ಚಿನವು 136 ಕಿಲೋ ಭಾರ ತಾಳುವಂತೆ ತಯಾರಾಗುತ್ತವೆ. ಕೂರುವಲ್ಲಿ ಜಾಲರಿ ಬಟ್ಟೆ, ಬೆನ್ನಿಗೆ ಆನಿಕೆ, ಕಾಲಿಗೆ ಪಟ್ಟಿ. ಹವ್ಯಾಸಕ್ಕೆ ಕೂರುವವನಿಗೆ ಇಷ್ಟೆಲ್ಲ. ನಮ್ಮಲ್ಲಿ ಹೊಟ್ಟೆಪಾಡಿಗೆ ಕೂರುವವನಿಗೆ ಹರಿದ ಹೊರಸು. ಮಂಚಿಕೆಯ ಗುಣವನ್ನು ಅಳೆಯಬೇಕಾದದ್ದು ಕಿಲೋದಲ್ಲೂ ಅಲ್ಲ, ಅಡಿಯಲ್ಲೂ ಅಲ್ಲ, ಅದರ ಮೇಲೆ ಒಬ್ಬ ಮನುಷ್ಯ ಎಷ್ಟು ತಾಸು ಎಚ್ಚರವಾಗಿ ಕೂರಬಲ್ಲ ಎಂಬುದರಲ್ಲಿ. ಹಗುರ, ಆರಾಮ ಎಂಬ ಎರಡೂ ಮಾತು ಈ ಲೆಕ್ಕದೊಳಗೆ ಬಂದರಷ್ಟೇ ಅರ್ಥ ಪಡೆಯುತ್ತವೆ.

ಬೇಟೆಯ ಮಾತು ಎತ್ತಿದ್ದರಿಂದ ಒಂದು ಸಂಗತಿ ಸ್ಪಷ್ಟವಾಗಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ 1991ರ ತಿದ್ದುಪಡಿಯ ನಂತರ ಈ ದೇಶದಲ್ಲಿ ಮೋಜಿನ ಬೇಟೆಗೆ ಜಾಗವಿಲ್ಲ. ಚಿಗರಿ, ಅಂದರೆ ಕೃಷ್ಣಮೃಗ, ಮೊದಲ ಅನುಸೂಚಿಯ ಪ್ರಾಣಿ, ಕಾಡುಹಂದಿ ಎರಡನೆಯದು. ಉರುಳು ಹಾಕುವುದೂ ಕಾಯ್ದೆಯ ಕಣ್ಣಿಗೆ ಬೇಟೆಯೇ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದ ಅಂಚಿನ ಹೊಲಗಳಲ್ಲಂತೂ ಇದನ್ನು ಮರೆಯುವಂತೆಯೇ ಇಲ್ಲ. ಆದರೆ ಕೂತು ಕಾಯುವ ವಿದ್ಯೆಯನ್ನು ಬರೆದಿಟ್ಟವರು ಬೇಟೆಗಾರರೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ಹೊರಸನ್ನೇ ಮರಕ್ಕೇರಿಸಿ ಮಚಾನ ಮಾಡಿಕೊಳ್ಳುತ್ತಿದ್ದವರು. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದದ್ದು ಒಂದು ಮಾವಿನ ಮರದ ಮೇಲಿನಿಂದ, ಅದೂ ಹಲವು ರಾತ್ರಿ ಬರಿಗೈಲಿ ಕೆಳಗಿಳಿದ ಮೇಲೆ. ಇವರಿಬ್ಬರನ್ನೂ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದರಿಂದ ನಮ್ಮ ಓದುಗರಿಗೆ ಮಚಾನ ಹೊಸ ಮಾತೇನಲ್ಲ. ಆ ಕಥೆಗಳಲ್ಲಿ ನಾವು ಗುಂಡಿನ ಸದ್ದಿಗಾಗಿ ಪುಟ ತಿರುವುತ್ತೇವೆ. ಜೋಮು ಹಿಡಿದ ಕಾಲು, ಕೆಮ್ಮಲಾಗದ ಗಂಟಲು, ತೂಕಡಿಕೆ ಇವುಗಳ ಜೊತೆಗಿನ ಗುದ್ದಾಟವೇ ಆ ರಾತ್ರಿಗಳ ಬಹುಪಾಲು.

ಹಾಗೆಂದು ಬೇಟೆಗಾರನ ಅಟ್ಟವನ್ನು ಇದ್ದಂತೆಯೇ ತಂದು ಹೊಲದಲ್ಲಿ ನಿಲ್ಲಿಸಿದರೆ ಕೆಲಸ ಕೆಡುತ್ತದೆ. ಬೇಟೆಗಾರ ಅಡಗಲು ಏರುತ್ತಾನೆ. ಪ್ರಾಣಿಯ ಕಣ್ಣಿಗೆ ಬೀಳಬಾರದು, ಮೈವಾಸನೆ ಮೇಲಿಂದ ಮೇಲೇ ಹೋಗಬೇಕು, ಅದಕ್ಕಾಗಿ ಹದಿನೈದು ಇಪ್ಪತ್ತು ಅಡಿ ಎತ್ತರ. ರೈತ ಏರುವುದು ಕಾಣಿಸಿಕೊಳ್ಳಲು, ಕೇಳಿಸಿಕೊಳ್ಳಲು. ಅವನ ಡಬ್ಬಿ ಬಾರಿಸುವ ಸದ್ದು, ಕೂಗು, ಬ್ಯಾಟರಿ ಬೆಳಕು, ಬೀಡಿಯ ವಾಸನೆ ಎಲ್ಲವೂ ಅವನ ಆಯುಧ. ಹಂದಿಯ ಕಣ್ಣು ಮಂದ, ಮೂಗು ಬಲು ಚುರುಕು. ಇಪ್ಪತ್ತು ಅಡಿ ಮೇಲೆ ಕೂತರೆ ಅದರ ಮೂಗಿನಿಂದ ತಾನೇ ತಪ್ಪಿಸಿಕೊಂಡಂತಾಗುತ್ತದೆ. ಆಳೆತ್ತರದ ತೊಗರಿ, ಅದಕ್ಕೂ ತುಸು ಮೇಲಿನ ಜೋಳ, ಇವುಗಳ ಮೇಲೆ ಕಣ್ಣು ಹಾಯಬೇಕು, ಅಷ್ಟೇ. ಮಂಚಿಕೆಯ ಹಾಸು ಆರೇಳು ಅಡಿಗಿದ್ದರೆ ಕೂತವನ ಕಣ್ಣು ಒಂಬತ್ತು ಅಡಿಯ ಆಸುಪಾಸಿನಲ್ಲಿರುತ್ತದೆ. ಎತ್ತರ ಇಳಿದರೆ ಗಳದ ಉದ್ದ, ತೂಕ, ಬೀಳುವ ಭಯ ಎಲ್ಲವೂ ಇಳಿಯುತ್ತವೆ. ಹಾಗಾದರೆ ನೆಲದ ಮೇಲೆಯೇ ಜೋಪಡಿ ಹಾಕಬಾರದೇಕೆ ಎಂದು ಕೇಳಬಹುದು. ಜೋಳದೊಳಗೆ ನೆಲದಲ್ಲಿ ಕೂತವನಿಗೆ ಹತ್ತು ಮಾರು ಆಚೆಗಿನದೂ ಕಾಣದು. ಕೊಳಕುಮಂಡಲ, ಚೇಳುಗಳ ಮಾತು ಬೇರೆ.

ಇನ್ನು ಕೂರುವ ಜಾಗ. ತೊಡೆಯ ಕೆಳಭಾಗದಲ್ಲಿ, ಮೊಣಕಾಲಿನ ಹಿಂದೆ ರಕ್ತನಾಳ, ನರಗಳು ಮೇಲ್ಮೇಲೇ ಹಾದುಹೋಗುತ್ತವೆ. ಹೊರಸಿನ ಗಟ್ಟಿ ಅಂಚು ಸರಿಯಾಗಿ ಅಲ್ಲಿಗೇ ಒತ್ತುತ್ತದೆ. ಕಾಲು ಕೆಳಗೆ ಜೋತಾಡುತ್ತಿದ್ದರೆ ಕಾಲಿನ ತೂಕವೂ ಆ ಒಂದು ಗೆರೆಯ ಮೇಲೇ ಬಿದ್ದು ಅರ್ಧ ತಾಸಿನಲ್ಲಿ ಜೋಮು ಹಿಡಿಯುತ್ತದೆ. ಇದಕ್ಕೆ ಬೇಕಾದದ್ದು ಎರಡು ತುಂಡು ಬಿದಿರು. ಒಂದು, ಕೂರುವ ಮಟ್ಟದಿಂದ ಹದಿನಾರು ಇಂಚು ಕೆಳಗೆ ಅಡ್ಡ ಬಿಗಿದ ಕಾಲಾನಿಕೆ. ಇನ್ನೊಂದು, ಹಿಂದಿನ ಎರಡು ಗಳಗಳ ನಡುವೆ ಸೊಂಟದ ಮಟ್ಟಕ್ಕೆ ಬಿಗಿದ ಬೆನ್ನಾನಿಕೆ. ಅಂಚಿನ ಗಳಕ್ಕೆ ಹರಿದ ಕೌದಿಯ ತುಂಡು ಸುತ್ತಿದರೆ ಒತ್ತು ಹರಡುತ್ತದೆ. ಹಾಸಿಗೆ ಹಗ್ಗಕ್ಕಿಂತ ಅಗಲದ ನವಾರ ಮೇಲು. ಹಗ್ಗ ಎಳೆ ಎಳೆಯಾಗಿ ಮೈಗೆ ಕೊರೆಯುತ್ತದೆ, ನವಾರ ಭಾರವನ್ನು ಹಂಚಿಕೊಳ್ಳುತ್ತದೆ. ಹತ್ತಿಯದ್ದು ಇಬ್ಬನಿಗೆ ನೆನೆಯುತ್ತದೆ, ನೈಲಾನಿನದ್ದು ಅಷ್ಟು ನೀರು ಹಿಡಿಯುವುದಿಲ್ಲ. ಕೆಲವರು ಪ್ಲಾಸ್ಟಿಕ್ ಕುರ್ಚಿಯನ್ನೇ ಮೇಲೇರಿಸಿ ಕಟ್ಟುತ್ತಾರೆ. ಉಪಾಯವೇನೋ ಸರಿ, ತೂಕವೂ ಇಲ್ಲ. ಆದರೆ ಆ ಕುರ್ಚಿಯ ಕಾಲುಗಳು ಗಳದ ಹಾಸಿನ ಮೇಲೆ ಜಾರುತ್ತವೆ, ಭಾರಕ್ಕೆ ಅಗಲವಾಗುತ್ತವೆ. ಕಾಲು ಕತ್ತರಿಸಿ ಕೂರುವ ಭಾಗವನ್ನಷ್ಟೇ ಬಿಗಿದರೆ ಒಪ್ಪಬಹುದು.

ಇಲ್ಲೊಂದು ಆಕ್ಷೇಪ ಖಂಡಿತ ಬರುತ್ತದೆ: ಮೆತ್ತಗೆ ಮಾಡಿಕೊಟ್ಟರೆ ನಿದ್ದೆ ಬರುವುದಿಲ್ಲವೇ? ಬರುತ್ತದೆ, ಮಲಗುವಷ್ಟು ಅಗಲವಿದ್ದರೆ. ಹೊರಸಿನ ದೊಡ್ಡ ದೋಷವೇ ಅದು. ಕೂರುವುದಕ್ಕೆ ತ್ರಾಸು, ಮಲಗುವುದಕ್ಕೆ ಸುಖ. ಎರಡೂವರೆ ಅಡಿ ಚೌಕದ ಆಸನದಲ್ಲಿ ಮಲಗಲಾಗದು, ಆರಾಮಾಗಿ ಕೂರಬಹುದು. ನೋವಿನಿಂದ ರಾತ್ರಿಯಿಡೀ ಎಚ್ಚರ ಉಳಿಯುತ್ತದೆ ಎಂದು ನಂಬುವಂತಿಲ್ಲ. ನೋವು ಮೈಯನ್ನು ದಣಿಸುತ್ತದೆ, ದಣಿದ ಮೈ ಬೇಗ ನಿದ್ದೆಗೆ ಬೀಳುತ್ತದೆ. ಅರ್ಧ ರಾತ್ರಿಗೆ ಆಳು ಬದಲಾಗುವಂತಿದ್ದರೆ ಇನ್ನೂ ಒಳ್ಳೆಯದು, ಆದರೆ ಅಷ್ಟು ಆಳಿರುವ ಮನೆ ಈಗ ಎಷ್ಟಿವೆ?

ಹಗುರ ಯಾಕೆ ಬೇಕು ಎಂಬುದಕ್ಕೆ ಇಲ್ಲಿನ ಬೆಳೆಯ ಕ್ರಮವೇ ಉತ್ತರ. ಹೆಸರು, ಉದ್ದು ಶ್ರಾವಣ ಭಾದ್ರಪದದ ಹೊತ್ತಿಗೆ ಮುಗಿಯುತ್ತವೆ. ತೊಗರಿ ಡಿಸೆಂಬರ್, ಜನವರಿವರೆಗೆ ನಿಲ್ಲುತ್ತದೆ. ಹಿಂಗಾರಿ ಜೋಳ ಫೆಬ್ರುವರಿ ಮುಟ್ಟುತ್ತದೆ. ಒಂದೇ ಮನೆಯ ತುಂಡು ಹೊಲಗಳು ಊರಿನ ಮೂರು ದಿಕ್ಕಿಗೆ ಚದುರಿರುತ್ತವೆ, ಕೆಲವು ಪಾಲಿಗೆ ಮಾಡಿದವು. ಮಂಚಿಕೆ ಬೆಳೆಯ ಹಿಂದೆ ನಡೆಯಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಇಂಚಿನ ಜಿಐ ಪೈಪಿನಿಂದ ಮಾಡಿಸಿದರೆ ಮೀಟರಿಗೆ ಸುಮಾರು 2.4 ಕಿಲೋ ಲೆಕ್ಕದಲ್ಲಿ ಮೂರು ಮೀಟರಿನ ನಾಲ್ಕು ಕಾಲುಗಳೇ 29 ಕಿಲೋ ಹತ್ತಿರ ತೂಗುತ್ತವೆ, ಅಡ್ಡಪಟ್ಟಿ ಸೇರಿ ಐವತ್ತು ದಾಟುತ್ತದೆ. ಟ್ರ್ಯಾಕ್ಟರ್ ಬಾರದೆ ಅದು ಅಲುಗದು, ಬೆಳೆ ನಿಂತ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವಂತಿಲ್ಲ. ಅಲ್ಯೂಮಿನಿಯಂ ತೂಕದಲ್ಲಿ ಕಬ್ಬಿಣದ ಮೂರನೇ ಒಂದು ಪಾಲು. ದುಬಾರಿ ಎನ್ನುವುದಿರಲಿ, ಮುರಿದರೆ ಊರ ವೆಲ್ಡರನ ಕೈಯಲ್ಲಿ ಬೆಸುಗೆ ಕೂರದು. ಬಿದಿರು ಅಷ್ಟೇ ಗಾತ್ರದ ಕಬ್ಬಿಣದ ಹತ್ತನೇ ಒಂದು ಪಾಲೂ ತೂಗುವುದಿಲ್ಲ. ಮೊಳೆ ಹೊಡೆದರೆ ಸೀಳುತ್ತದೆ, ಗೆಣ್ಣಿನ ಪಕ್ಕ ತೂತು ಕೊರೆದು ನಟ್ಟು ಬೋಲ್ಟು ಹಾಕಬೇಕು, ಒಣಗುತ್ತ ಕುಗ್ಗಿದಾಗ ಹುರಿಯನ್ನು ಮತ್ತೆ ಬಿಗಿಯಬೇಕು. ಈ ಕಿರಿಕಿರಿ ಒಪ್ಪಿಕೊಂಡರೆ ಇಬ್ಬರು ಆಳು ಹೆಗಲ ಮೇಲೆ ಹೊತ್ತು ಬದು ದಾಟಿಸುವಂಥ ಮಂಚಿಕೆ ಸಿಗುತ್ತದೆ.

ಹಗುರವಾದದ್ದು ಗಾಳಿಗೆ ಉರುಳದೇ ಎಂಬ ಪ್ರಶ್ನೆ ನ್ಯಾಯವೇ. ಎರಿ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಕ್ಟೋಬರಿನಲ್ಲಿ ಗಟ್ಟಿ ನಿಂತ ಗಳ ಜನವರಿಗೆ ಬಿರುಕಿನೊಳಗೆ ಅಲ್ಲಾಡುತ್ತದೆ. ಗಳಗಳನ್ನು ನೆಟ್ಟಗೆ ಹೂಳುವ ಬದಲು ಕೆಳಗೆ ಅಗಲಿಸಿ, ಪ್ರತಿ ಕಾಲಿನಡಿ ಒಂದೊಂದು ಪರ್ಸಿ ಕಲ್ಲು ಕೊಟ್ಟು ನಿಲ್ಲಿಸುವುದು ಮೇಲು. ಶಹಾಬಾದಿನ ಗಣಿ ಸೀಮೆಯಲ್ಲಿ ಒಡೆದ ಪರ್ಸಿಗೆ ಬರವಿಲ್ಲ. ಒಂದಡಿ ಚೌಕ, ಒಂದಿಂಚು ದಪ್ಪದ ತುಂಡು ಸುಮಾರು ಆರು ಕಿಲೋ ತೂಗುತ್ತದೆ. ಅದನ್ನು ಹೊತ್ತು ತಿರುಗಬೇಕಿಲ್ಲ, ಆಯಾ ಹೊಲದಲ್ಲೇ ಬಿಟ್ಟಿರಬಹುದು. ಇನ್ನೆರಡು ತುಂಡನ್ನು ಅಡ್ಡಗಳಕ್ಕೆ ಜೋತುಬಿಟ್ಟರೆ ಗಾಳಿಗೂ ಉತ್ತರವಾಯಿತು. ಗುಡುಗು ಮಿಂಚಿಗೆ ಮಾತ್ರ ಉತ್ತರವಿಲ್ಲ. ಮೊದಲ ಗುಡುಗಿಗೇ ಇಳಿದು ಮರದಿಂದಲೂ ದೂರ ಹೋಗಬೇಕು.

ಬೇಟೆಗಾರರಿಂದ ಎರವಲು ಪಡೆಯಬೇಕಾದ ಇನ್ನೊಂದು ವಸ್ತು ಬೆಲ್ಟ್. ಅದಕ್ಕೆ ಅಮೆರಿಕ ನೋಡಬೇಕಿಲ್ಲ, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ಎತ್ತರದಲ್ಲಿ ದುಡಿಯುವವರ ಮೈಮೇಲೆ ಅದು ಇದೆ. ಮೈತುಂಬ ಹಾಕುವ ಈ ಬೆಲ್ಟಿಗೆ ಐಎಸ್ 3521 ಎಂಬ ಭಾರತೀಯ ಮಾನಕವೂ ಇದೆ. ಒಂದು ಎಚ್ಚರಿಕೆ: ಅದರ ಜೊತೆ ಬರುವ ಹಗ್ಗ ಸಾಮಾನ್ಯವಾಗಿ ಆರಡಿ ಉದ್ದ. ಏಳಡಿ ಎತ್ತರದಿಂದ ಆರಡಿ ಹಗ್ಗದಲ್ಲಿ ಬಿದ್ದವನನ್ನು ಬೆಲ್ಟ್ ಹಿಡಿಯುವ ಮೊದಲು ನೆಲ ಹಿಡಿಯುತ್ತದೆ. ಆದ್ದರಿಂದ ಹಿಂದಿನ ಗಳಕ್ಕೆ ಎರಡಡಿ ಹಗ್ಗದಲ್ಲಿ, ಅಂಚು ದಾಟಿ ವಾಲಲಾಗದಂತೆ ಕಟ್ಟಿಕೊಳ್ಳಬೇಕು. ಏಳಡಿಗೂ ಬೆಲ್ಟೇ ಎಂದು ನಗುವವರು, ತೂಕಡಿಸಿ ಬೀಳುವವನು ಕೈಯೂರಿ ಬೀಳುವುದಿಲ್ಲ ಎಂಬುದನ್ನು ನೆನೆಯಲಿ.

ಸೋಲಾರ್ ಬೇಲಿ ಇರುವಾಗ ಈ ಕಸರತ್ತೆಲ್ಲ ಏಕೆ? ಬೇಲಿ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಅದರ ಬಲ ಸೋರಿಹೋಗುತ್ತದೆ, ಸ್ವಂತದ್ದಲ್ಲದ ಹೊಲಕ್ಕೆ ಯಾರೂ ಬೇಲಿ ಹಾಕಿಸುವುದಿಲ್ಲ, ಚಿಗರಿಗೆ ಜಿಗಿಯುವುದು ಹುಟ್ಟುವಿದ್ಯೆ. ಧ್ವನಿವರ್ಧಕದಲ್ಲಿ ಹಾಕುವ ನಾಯಿ ಬೊಗಳುವ ಸದ್ದಿಗೆ ಹಂದಿ ಕೆಲ ದಿನ ಹೆದರುತ್ತದೆ, ಸದ್ದು ಜಾಗ ಬದಲಿಸುವುದಿಲ್ಲ ಎಂದು ತಿಳಿದ ಮೇಲೆ ಅದರ ಪಕ್ಕದಲ್ಲೇ ಮೇಯುತ್ತದೆ. ಸರಕಾರದ ಪರಿಹಾರ ಬೆಳೆ ಹೋದ ಮೇಲಿನ ಮಾತು. ಈ ಎಲ್ಲದರಿಂದ ಬೇಸತ್ತವನು ಕೊನೆಗೆ ಕೈ ಹಾಕುವುದು ಕಂಬದಿಂದ ನೇರ ಎಳೆದ ಕರೆಂಟ್ ತಂತಿಗೆ. ಅದು ಹಂದಿ, ಎತ್ತು, ಪಕ್ಕದ ಹೊಲದವನು ಎಂದು ನೋಡುವುದಿಲ್ಲ, ವಿದ್ಯುತ್ ಕಾಯ್ದೆಯ 135ನೇ ಕಲಮಿನ ಕಳ್ಳತನದ ಕೇಸು ಬೇರೆ. ನಿದ್ದೆಗೆಟ್ಟ ಮನುಷ್ಯನ ಹತಾಶೆಯೇ ಆ ತಂತಿಯನ್ನು ಎಳೆಸುತ್ತದೆ ಎನ್ನುವುದಾದರೆ, ಆರಾಮದ ಆಸನವನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಇದೇ ಮಂಚಿಕೆ ಕಳ್ಳ ಬೇಟೆಯವರ ಕೈಗೆ ಸಿಕ್ಕರೆ ಎಂಬ ಅನುಮಾನಕ್ಕೆ ಅದರ ಆಕಾರವೇ ಉತ್ತರ ಹೇಳುತ್ತದೆ. ಬಯಲ ನಡುವೆ ಏಳಡಿ ಎತ್ತರದಲ್ಲಿ, ನಾಲ್ಕೂ ಕಡೆಗೆ ಕಾಣುವಂತೆ ಕೂತವನ ಮುಂದೆ ಯಾವ ಚಿಗರಿಯೂ ಬಂದು ನಿಲ್ಲುವುದಿಲ್ಲ.

ಜೋಳ ಕೊಯ್ದ ಮೇಲೆ ಬೋಲ್ಟು ಬಿಚ್ಚಿ ಒಂದು ಡಬ್ಬಿಗೆ ಹಾಕಿಡಬೇಕು, ಇಲ್ಲದಿದ್ದರೆ ಮುಂದಿನ ಮೃಗಶಿರಕ್ಕೆ ಒಂದೂ ಸಿಗುವುದಿಲ್ಲ. ಗಳಗಳನ್ನು ಗೆದ್ದಲು ಮುಟ್ಟದಂತೆ ಪಡಸಾಲೆಯ ಜಂತಿಗೆ ಏರಿಸಬೇಕು. ನವಾರವನ್ನು ಸುರುಳಿ ಸುತ್ತಿ, ಇಲಿಗೆ ನಿಲುಕದ ಕಡೆ ಗೋಡೆಯ ಗೂಟಕ್ಕೆ ತೂಗುಹಾಕಬೇಕು. ಪರ್ಸಿ ಕಲ್ಲುಗಳು ಬದುವಿನ ಮೇಲೆ ಬಿದ್ದಿರಲಿ, ಅವನ್ನು ಯಾರೂ ಒಯ್ಯುವುದಿಲ್ಲ.