ದೇವನೂರಿನ ಷಟ್ಪದಿ, ಗಮಕಿಯ ರಾಗ

ಸಂಗೀತ ಸಂಯೋಜನೆ ಎಂದಾಗ ಕನ್ನಡಿಗರಿಗೆ ಇಂದು ಮೊದಲು ನೆನಪಾಗುವುದು ಸುಗಮ ಸಂಗೀತ. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಕೂಡಿಸಿದ ಧಾಟಿಗಳನ್ನು ಬಿಟ್ಟು ಆ ಪದ್ಯಗಳನ್ನು ಓದುವುದೇ ಹಲವರಿಗೆ ಕಷ್ಟ. ಧಾಟಿಯನ್ನು ಹೀಗೆ ಸ್ಥಿರಗೊಳಿಸದೆ, ಪ್ರತಿ ವಾಚನದಲ್ಲೂ ಹೊಸದಾಗಿ ಕಟ್ಟಿಕೊಳ್ಳುವ ಇನ್ನೊಂದು ಪರಂಪರೆ, ಕಾವ್ಯವನ್ನು ರಾಗವಾಗಿ ಓದುವ ಗಮಕದ್ದು. ಅದರ ಬೇರುಗಳಲ್ಲೊಂದು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿದೆ.

ತರೀಕೆರೆ ಬಳಿಯ ಅಮೃತಾಪುರದಲ್ಲಿ, ಇಮ್ಮಡಿ ಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಾಸನಪದ್ಯಗಳು ಕವಿ ಜನ್ನನವು. ಕಂದ, ವೃತ್ತಗಳು ಮೆರೆದ ಆ ಕಾಲದ ಬೆನ್ನಿಗೇ ರಾಘವಾಂಕನು ಆರು ಸಾಲಿನ ಷಟ್ಪದಿಯಲ್ಲಿ ‘ಹರಿಶ್ಚಂದ್ರ ಕಾವ್ಯ’ ಬರೆದು, ದೀರ್ಘ ಕಥನವನ್ನು ಹಾಡಿಕೆಗೆ ಹತ್ತಿರ ತಂದನು. ಆ ಷಟ್ಪದಿಗೆ ಅಪೂರ್ವ ನಾದಮಾಧುರ್ಯವನ್ನು ತುಂಬಿದ ‘ಜೈಮಿನಿ ಭಾರತ’ದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬುದು ಬಹುಮಟ್ಟಿಗೆ ಒಪ್ಪಿತವಾದ ಮಾತು.

ಲಕ್ಷ್ಮೀಶ ಬಳಸಿದ್ದು ವಾರ್ಧಕ ಷಟ್ಪದಿ. ಇದರಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಐದೈದು ಮಾತ್ರೆಯ, ಎಂದರೆ ಉಚ್ಚಾರಣೆಯ ಕಾಲಮಾನದ, ನಾಲ್ಕು ಗಣಗಳು. ಮೂರು ಮತ್ತು ಆರನೆಯ ಸಾಲುಗಳಿಗೆ ಅಂಥ ಆರು ಗಣಗಳೂ ಕೊನೆಗೊಂದು ಗುರುವೂ ಬಂದು, ಪದ್ಯವೊಂದು 144 ಮಾತ್ರೆಗಳಾಗುತ್ತದೆ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ ಮರಳುವುದರಿಂದ ಲಯವನ್ನು ತೋರಿಸಲು ಮೃದಂಗವೇ ಬೇಕೆಂದಿಲ್ಲ. ಹೀಗೆ ಕವಿಯು ಲಯವನ್ನು ಮಾತಿನೊಳಗೇ ಹೆಣೆದು, ರಾಗವನ್ನು ಮಾತ್ರ ಓದುವವನಿಗೆ ಬಿಟ್ಟಿದ್ದಾನೆ.

ಗಮಕಿಯ ಸಂಯೋಜನೆ ಆರಂಭವಾಗುವುದು ಇಲ್ಲಿಂದ. ಶ್ರುತಿಯ ಆಸರೆಯಲ್ಲಿ, ತಾಳದ ಕಟ್ಟಿಲ್ಲದೆ, ಸೀತಾಪರಿತ್ಯಾಗದ ಶೋಕಕ್ಕೆ ಮುಖಾರಿಯನ್ನೋ ಸುಧನ್ವನ ಕಾಳಗಕ್ಕೆ ಅಠಾಣವನ್ನೋ ಆರಿಸಿಕೊಂಡು, ಸಂಧಿಗಳನ್ನು ಅರ್ಥ ತಿಳಿಯುವಂತೆ ಬಿಡಿಸಿ ಅವನು ಓದುತ್ತಾನೆ. ವ್ಯಾಖ್ಯಾನಕಾರ ವಿವರಿಸಿ ಮುಗಿಸಿದ ಮೇಲೆ ಮುಂದಿನ ಪದ್ಯಕ್ಕೆ ರಾಗ ಬದಲಾಗಲೂಬಹುದು. ಸ್ವರವಿಸ್ತಾರವು ಪದವನ್ನು ಮುಳುಗಿಸಿದರೆ ಅದು ಕಛೇರಿಯಾದೀತು, ಗಮಕವಾಗದು. ಈ ಸಂಯಮವೇ ಈ ಕಲೆಯ ಸೌಂದರ್ಯದ ಅಳತೆಗೋಲು.

ಅಕ್ಷರ ಬಾರದವರಿಗೂ ಕಾವ್ಯವನ್ನು ತಲುಪಿಸಿದ ಈ ಪದ್ಧತಿಗೆ ಇಂದು ಸಭೆಗಳೂ ಪರೀಕ್ಷೆಗಳೂ ಇವೆ. ನೆರೆಯ ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಧ್ವನಿಸುರುಳಿಯ ಧಾಟಿ ಎಲ್ಲರ ಬಾಯಲ್ಲೂ ಒಂದೇ ಆಗಿರುತ್ತದೆ. ಷಟ್ಪದಿಗಾದರೋ ಧಾಟಿಯನ್ನು ಕಟ್ಟುವ ಹೊಣೆ ಪ್ರತಿ ಗಮಕಿಯ ಮೇಲೂ ಉಳಿದಿರುವುದರಿಂದ, ಹಳೆಯ ಕಾವ್ಯವೊಂದು ಸಮಕಾಲೀನ ಸಂಗೀತವೂ ಆಗಿ ಮುಂದುವರಿದಿದೆ.