ಕೈ ಜಾರದ ಹಿಡಿಗೆ ಸಣ್ಣ ಲೇತಿನ ನರ್ಲಿಂಗ್ ಉಪಕರಣ

ಔಷಧ ಹೊಡೆಯುವ ಪಂಪಿನ ಕೊಳವೆಯ ತುದಿಯಲ್ಲಿ ಒಂದು ಹಿತ್ತಾಳೆಯ ಟೊಪ್ಪಿಯಿರುವುದನ್ನು ರೈತ ಬಾಂಧವರೆಲ್ಲರೂ ಬಲ್ಲರು. ಅದರ ಸುತ್ತ ಒರಟಾದ ಸಣ್ಣ ಗೀರುಗಳಿರುತ್ತವೆ. ಇವು ಅಂದಕ್ಕಾಗಿ ಮಾಡಿದವಲ್ಲ. ಒದ್ದೆ ಕೈಯಲ್ಲಿ ತಿರುಗಿಸಿದಾಗ ಜಾರದಿರಲೆಂದು ಮಾಡಿದವು. ಗೀರು ಸವೆದ ಮೇಲೆ ಆಗುವುದೇನು? ಇಕ್ಕಳ ಹಾಕಿ ತಿರುಗಿಸಬೇಕಾಗುವುದು, ಟೊಪ್ಪಿ ಜಜ್ಜಿಹೋಗುವುದು, ಸಂದಿನಿಂದ ವಿಷ ಸೋರಿ ಮೊಣಕೈವರೆಗೆ ಇಳಿಯುವುದು.

ಲೋಹದ ಮೇಲೆ ಇಂಥ ಗೀರು ಮೂಡಿಸುವ ಕೆಲಸಕ್ಕೆ ನರ್ಲಿಂಗ್ ಎಂದು ಹೆಸರು. ಕೈಗಡಿಯಾರಕ್ಕೆ ಕೀಲಿ ಕೊಡುವ ಪುಟ್ಟ ಗುಂಡಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಇದರ ಉಪಯೋಗ ತಿಳಿಯುವುದು. ನಾಟ್ರಾಂಪಾಳ್ಯದವರು ಇಂಥ ಒಂದು ಟೊಪ್ಪಿ ಕಡೆಸಬೇಕಾದರೆ ಅಂಚೆಟ್ಟಿ, ಡೆಂಕಣಿಕೋಟೆ ದಾಟಿ ಹೊಸೂರಿನವರೆಗೆ ಹೋಗಬೇಕು. ಕೆಲಸ ಅರ್ಧ ಗಂಟೆಯದು, ಕಳೆಯುವುದು ಒಂದು ದಿನದ ಕೂಲಿ. ಹೊಸೂರಿನ ಕಾರ್ಖಾನೆಗಳಲ್ಲಿ ಕೈ ಪಳಗಿದ ಹುಡುಗರು ಊರಲ್ಲೊಂದು ಸಣ್ಣ ಲೇತು ಇಟ್ಟುಕೊಂಡರೆ ಈ ಅಲೆದಾಟ ತಪ್ಪೀತು. ಅಂಥವರಿಗಾಗಿಯೇ ಈ ಬರಹ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ನರ್ಲಿಂಗ್ ಉಪಕರಣದಲ್ಲಿ ಹಲ್ಲುಗಾಲಿಗಳು ಮುಂದಿರುತ್ತವೆ. ತಿರುಗುವ ಸಲಾಕೆಯನ್ನು ಅವುಗಳಿಂದ ಒಂದೇ ಪಕ್ಕದಿಂದ ಬಲವಾಗಿ ಒತ್ತಬೇಕು. ಬೆಂಗಳೂರಿನ ಎಚ್.ಎಂ.ಟಿ. (ಸ್ಥಾಪನೆ 1953) ಮತ್ತು ಹರಿಹರದ ಮೈಸೂರು ಕಿರ್ಲೋಸ್ಕರ್ ಹಿಂದೆ ತಯಾರಿಸಿದ ದೊಡ್ಡ ಲೇತುಗಳಿಗೆ ಈ ಒತ್ತಡ ಲೆಕ್ಕಕ್ಕಿಲ್ಲ. ಮೇಜಿನ ಮೇಲೆ ಕೂರುವ ಸಣ್ಣ ಲೇತಿಗೆ ಹಾಗಲ್ಲ. ಅಷ್ಟು ಬಲವೂ ಬೇರಿಂಗಿನ ಮೇಲೆ, ಅಡ್ಡ ಜಾರುಮಣೆಯ ಮೇಲೆ ಬೀಳುವುದು, ಸಲಾಕೆ ಬಾಗುವುದು. ಸಾಲ ಮಾಡಿ ತಂದ ಯಂತ್ರವನ್ನು ಹೀಗೆ ಹಾಳುಮಾಡಿಕೊಳ್ಳತಕ್ಕದ್ದಲ್ಲ. ಮೇಲೊಂದು, ಕೆಳಗೊಂದು ಗಾಲಿಯಿಟ್ಟು ಇಕ್ಕಳದಂತೆ ಹಿಚುಕಿದರೆ ಒಂದರ ಒತ್ತಡಕ್ಕೆ ಇನ್ನೊಂದು ಎದುರು ನಿಲ್ಲುವುದರಿಂದ ಯಂತ್ರಕ್ಕೆ ನೋವಿಲ್ಲ.

ಗಾಲಿಗಳನ್ನು ಮಾತ್ರ ಕೊಂಡುಕೊಳ್ಳುವುದೇ ಮೇಲು. ಹದಗೊಳಿಸಿದ ಉಕ್ಕಿನಲ್ಲಿ ಅಷ್ಟು ಸಣ್ಣ ಹಲ್ಲು ಕಡೆಯುವುದು ಮನೆಯ ಕೆಲಸವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ವಿಚಾರಿಸಬಹುದು. ಬಲಕ್ಕೆ ಓರೆಯಾದ ಹಲ್ಲಿನದೊಂದು, ಎಡಕ್ಕೆ ಓರೆಯಾದದ್ದೊಂದು ಇರಬೇಕು. ಎರಡೂ ಸೇರಿದರೇ ವಜ್ರದಾಕಾರದ ಗೀರು ಮೂಡುವುದು. ಇಲ್ಲಿ 20 ಮಿ.ಮೀ. ವ್ಯಾಸ, 8 ಮಿ.ಮೀ. ದಪ್ಪ, 6 ಮಿ.ಮೀ. ತೂತಿನ ಗಾಲಿಯೆಂದು ಭಾವಿಸಿ ಅಳತೆ ಕೊಟ್ಟಿದೆ. ಬೇರೆಯದು ಸಿಕ್ಕಿದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

20 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯನ್ನು 110 ಮಿ.ಮೀ. ಉದ್ದಕ್ಕೆ ನಾಲ್ಕು ತುಂಡು ಮಾಡಿ. ನಾಲ್ಕನ್ನೂ ಒಟ್ಟಿಗೆ ಜೋಡಿಸಿ ಬಿಗಿದು, ಒಂದೇ ಸಲಕ್ಕೆ ತೂತು ಕೊರೆಯತಕ್ಕದ್ದು. ಬೇರೆ ಬೇರೆ ಕೊರೆದರೆ ಗಾಲಿ ಓರೆಯಾಗಿ ಕೂರುವುದು, ಆಮೇಲೆ ಎಷ್ಟು ಅರ ಹಾಕಿದರೂ ಸರಿಹೋಗದು. ಮುಂತುದಿಯಿಂದ 10 ಮಿ.ಮೀ. ಹಿಂದೆ ಗಾಲಿಯ ತೂತು. ಆದರೆ ಪಟ್ಟಿಯ ನಡುವೆ ಬೇಡ, ಒಳಅಂಚಿನಿಂದ 7 ಮಿ.ಮೀ. ದೂರದಲ್ಲಿರಲಿ. ಹಾಗಿದ್ದರೆ ಗಾಲಿ 3 ಮಿ.ಮೀ. ಹೊರಗೆ ಚಾಚುವುದು. ಅಲ್ಲಿಂದ 90 ಮಿ.ಮೀ. ಹಿಂದೆ, ಪಟ್ಟಿಯ ನಡುವೆ ಕೀಲಿನ ತೂತು.

ಎರಡೆರಡು ಪಟ್ಟಿ ಸೇರಿ ಒಂದು ತೋಳು. ಪಟ್ಟಿಗಳ ನಡುವೆ 8 ಮಿ.ಮೀ. ದಪ್ಪದ ಗಿಡ್ಡ ಕಬ್ಬಿಣದ ಚೂರನ್ನಿಟ್ಟು ಎರಡು ರಿವೆಟ್ ಹೊಡೆಯಿರಿ. ಚೂರಿನ ಜೊತೆಗೆ ಡಬ್ಬಿ ತಗಡಿನ ತೆಳು ತುಂಡೊಂದು ಸೇರಿದರೆ ಗಾಲಿ ಹಿಡಿಯದೆ ಸಲೀಸಾಗಿ ತಿರುಗುವುದು. ಈ ಚೂರು ಕೀಲಿನ ಕಡೆಗೆ ಇರಲಿ. ಗಾಲಿಯಿಂದ ಸುಮಾರು 28 ಮಿ.ಮೀ. ಹಿಂದಿನ ಜಾಗ ಬಿಗಿಬೋಲ್ಟಿಗೆ ಖಾಲಿ ಬೇಕು. ಗಾಲಿಯ ಅಚ್ಚಿಗೆ ಮುರಿದ 6 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಬುಡ ಬಹಳ ಒಳ್ಳೆಯದು. ಎಸೆಯುವ ವಸ್ತು ಇಲ್ಲಿ ಬಂಗಾರವಾಯಿತು! ಅದು ಈಚೆಗೆ ಬೀಳದಂತೆ ಎರಡೂ ಬದಿಗೆ ಸಣ್ಣ ತಗಡನ್ನು ತಿರುಪಿನಿಂದ ಬಿಗಿಯಿರಿ.

ಎರಡು ತೋಳುಗಳನ್ನೂ ಹಿಡಿಯುವುದಕ್ಕೆ 8 ಮಿ.ಮೀ. ದಪ್ಪದ ಪ್ಲೇಟೊಂದನ್ನು ನೆಟ್ಟಗೆ ನಿಲ್ಲಿಸಬೇಕು. ಅದರ ಬಾಲ ಟೂಲ್ ಪೋಸ್ಟಿನಲ್ಲಿ ಕೂರುವಷ್ಟಿರಲಿ. ಮುಂಭಾಗದಲ್ಲಿ ಒಂದರ ಮೇಲೊಂದು 36 ಮಿ.ಮೀ. ಅಂತರದಲ್ಲಿ ಎರಡು ಕೀಲಿನ ತೂತು. ಪಟ್ಟಿಗಳು ಈ ಪ್ಲೇಟನ್ನು ತಬ್ಬಿಕೊಂಡು ಕೀಲಿನ ಮೇಲೆ ಏಳುತ್ತ ಇಳಿಯುತ್ತ ಇರುವುವು. ಪಟ್ಟಿಗಳ ಸಂದಿನಲ್ಲಿ ಮೇಲಿನಿಂದ ಕೆಳಕ್ಕೆ 6 ಮಿ.ಮೀ. ಉದ್ದನೆಯ ಬೋಲ್ಟ್ ಇಳಿಸಿ, ಎರಡು ಕಡೆಗೂ ದಪ್ಪ ವಾಷರ್ ಹಾಕಿ, ತೋಳುಗಳ ನಡುವೆ ಒಂದು ಸ್ಪ್ರಿಂಗ್ ಇಟ್ಟರೆ ಉಪಕರಣ ಸಿದ್ಧ. ಬೋಲ್ಟನ್ನು ಪ್ಲೇಟಿಗೆ ಕಟ್ಟಿಹಾಕಬೇಡಿ. ಸಡಿಲವಾಗಿದ್ದರೆ ಸಲಾಕೆ ಕೊಂಚ ಮೇಲೆ ಕೆಳಗೆ ಇದ್ದರೂ ತೋಳುಗಳು ತಾವೇ ಹೊಂದಿಕೊಳ್ಳುವುವು.

ಇನ್ನು ಬಳಸುವ ಕ್ರಮ. ಇಲ್ಲಿ ಲೋಹ ಕತ್ತರಿಸಿ ಉದುರುವುದಿಲ್ಲ. ಒದ್ದೆ ಹೊಲದಲ್ಲಿ ಗಾಡಿಯ ಚಕ್ರ ಹಾದಂತೆ ತಗ್ಗಾಗಿ ಪಕ್ಕಕ್ಕೆ ಏಳುವುದು. ಆದುದರಿಂದ ಸಲಾಕೆಯ ವ್ಯಾಸ ಸ್ವಲ್ಪ ಹೆಚ್ಚುವುದು. ಒಂದು ಲೆಕ್ಕವೂ ಉಂಟು. ಸಲಾಕೆಯ ಸುತ್ತಳತೆಯಲ್ಲಿ ಹಲ್ಲುಗಳು ಪೂರ್ಣಸಂಖ್ಯೆಯಲ್ಲಿ ಹಿಡಿಯಬೇಕು. ಇಲ್ಲವಾದರೆ ಎರಡನೆಯ ಸುತ್ತಿನ ಗೀರು ಮೊದಲನೆಯದರ ಮೇಲೆ ಕೂರದೆ ಕಲಸಿಹೋಗುವುದು. ಗಾಲಿಯ ಸುತ್ತ ಹಲ್ಲಿಗೆ ಹಲ್ಲು 1 ಮಿ.ಮೀ. ಅಂತರವಿದ್ದರೆ, 16 ಮಿ.ಮೀ. ಸಲಾಕೆಯ ಸುತ್ತಳತೆ ಸುಮಾರು 50.3, ಅದನ್ನು 15.9ಕ್ಕೆ ಕಡೆದರೆ ಸುಮಾರು 50 ಆಗುವುದು, ಸರಿಹೋಗುವುದು.

ಸಲಾಕೆಯ ತುದಿಗೆ ಟೈಲ್ ಸ್ಟಾಕಿನ ಆಸರೆ ಕೊಡಿ. ಗಾಲಿಗಳ ನಡು ಸಲಾಕೆಯ ನಡುವಿಗೆ ನೇರ ಮೇಲೆ ಕೆಳಗೆ ಬರುವಂತೆ ಜಾರುಮಣೆ ಸರಿಸಿ. ಗಾಲಿಯ ಅರ್ಧ ಅಗಲ ಮಾತ್ರ ಸಲಾಕೆಯ ಮೇಲಿಟ್ಟು, ನಟ್ಟು ಗಟ್ಟಿಯಾಗಿ ಬಿಗಿದು, ಯಂತ್ರ ಚಾಲೂ ಮಾಡದೆ ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಗೀರು ಸರಿಯಿದ್ದರೆ ಎಣ್ಣೆ ಧಾರಾಳವಾಗಿ ಸುರಿದು, ತೀರ ನಿಧಾನದ ವೇಗದಲ್ಲಿ ಓಡಿಸಿ. ಗೀರು ಕಲಸಿದ್ದರೆ ಬಿಚ್ಚಿ, ಕೂದಲೆಳೆಯಷ್ಟು ಕಡೆದು ಮತ್ತೆ ಹಿಡಿಸಿ. ಹಿತ್ತಾಳೆ, ಅಲ್ಯೂಮಿನಿಯಂ, ಮೆದು ಕಬ್ಬಿಣ ಒಳ್ಳೆಯ ಗೀರು ಹಿಡಿಯುವುವು. ಎರಕದ ಕಬ್ಬಿಣ ಪುಡಿಯಾಗುವುದು, ಅದಕ್ಕೆ ಕೈ ಹಾಕಬೇಡಿ.

ಹೆಗಲ ಮೇಲಿನ ವಲ್ಲಿ ತೆಗೆದಿಟ್ಟು, ತೋಳು ಮಡಚಿ, ಪಂಚೆ ಎತ್ತಿ ಕಟ್ಟಿಯೇ ಲೇತಿನ ಹತ್ತಿರ ನಿಲ್ಲಬೇಕು. ತಿರುಗುವಾಗ ಗಾಲಿಯ ಹತ್ತಿರ ಬಟ್ಟೆಯಾಗಲಿ ಬೆರಳಾಗಲಿ ಹೋಗಕೂಡದು. ಸೇರಿದ ಪುಡಿಯನ್ನು ಬ್ರಷ್ಷಿನಿಂದ ತೆಗೆಯಿರಿ. ಮುಗಿದ ಮೇಲೆ ಗೀರಿನ ಎರಡು ಅಂಚನ್ನೂ ಓರೆಯಾಗಿ ಕಡೆದು, ಅರದಿಂದ ಒಮ್ಮೆ ಹಗುರವಾಗಿ ಸವರಿದರೆ ಅಂಗೈಗೆ ಚುಚ್ಚುವುದಿಲ್ಲ. ಪಂಪಿನ ಟೊಪ್ಪಿಯಲ್ಲದೆ ಗ್ರೀಸ್ ಕಪ್ಪಿನ ಮುಚ್ಚಳ, ಸ್ಪ್ಯಾನರಿಲ್ಲದೆ ಬಿಗಿಯುವ ನಟ್ಟು, ಸಣ್ಣ ಹತಾರಗಳ ಹಿಡಿ, ಇವಕ್ಕೂ ಇದೇ ಉಪಕರಣ ಸಾಕು.